ಮೂರೇ ಅಂದಿದ್ದರು ಇವರು

ಸೊಸೆಯ ಕನ್ನಡಕದಲ್ಲಿ ಎರಡು ನಾನು, ಒಂದೊಂದು ಗಾಜಿಗೆ ಒಬ್ಬೊಬ್ಬಳು, ಕೋಟಿನ ಗುಂಡಿಯಷ್ಟು ಗಾತ್ರ, ಇಬ್ಬರೂ ಬಾಯಿ ತೆರೆದುಕೊಂಡು ಬಿದ್ದಿದ್ದೇವೆ, ಅಯ್ಯೋ, ನನ್ನ ಮೂಗು ನಿಜವಾಗಿಯೂ ಇಷ್ಟು ದಪ್ಪವೇ — ಅತ್ತೆ, ನೋವಾದ್ರೆ ಎಡಗೈ ಎತ್ತಿ, ಮಾತಾಡೋಕೆ ಮಾತ್ರ ಹೋಗ್ಬೇಡಿ — ಹೇಗೆ ಮಾತಾಡಲಿ ತಾಯಿ, ಆ ಒಂದು ದವಡೆ ಹಲ್ಲು ಬಿಟ್ಟು ಮಿಕ್ಕ ಬಾಯಿಗೆಲ್ಲ ಹಸಿರು ರಬ್ಬರಿನ ಹಾಳೆ ಹೊದಿಸಿದ್ದೀಯ, ಸೂಜಿ ಚುಚ್ಚಿ ಅರ್ಧ ಮುಖ ಮರಗಟ್ಟಿಸಿದ್ದೀಯ, ಕೆನ್ನೆ ಯಾರದೋ ಪಕ್ಕದ ಮನೆಯವರದು ಅನ್ನಿಸುತ್ತಿದೆ, ಅತ್ತ ಕಿಟಕಿಯ ಹತ್ತಿರ ಇವರು, ಕೈ ಹಿಂದೆ ಕಟ್ಟಿಕೊಂಡು, ನಾನೇ ಹೊಲಿದ ಬಿಳಿ ಕೋಟಿನಲ್ಲಿ, ಹೆಂಡತಿ ಬಾಯಿ ತೆರೆದೂ ಸುಮ್ಮನಿರುವುದನ್ನು ಮದುವೆಯಾದಾಗಿನಿಂದ ಮೊದಲ ಸಲ ನೋಡುತ್ತಿರುವ ಗಂಡಸಿನ ನೆಮ್ಮದಿ ಆ ಮುಖದಲ್ಲಿ, ಇರಲಿ ಇರಲಿ, ಈ ಹಾಳೆ ಬಿಚ್ಚಲಿ, ಆಮೇಲೆ ನೋಡಿಕೊಳ್ಳುತ್ತೇನೆ. ತಟ್ಟೆಯಲ್ಲಿ ಇವರ ಇಕ್ಕಳ ಬೇರೆ ಸಿದ್ಧವಾಗಿ ಮಲಗಿದೆ, ಒಪ್ಪಂದವೇ ಹಾಗೆ, ಸೊಸೆ ಹುಡುಕುತ್ತಿರುವುದು ಸಿಗದಿದ್ದರೆ ಇವತ್ತೇ ಕಿತ್ತುಬಿಡುವುದು, ಹಲ್ಲೂ ಹೋಗ್ಲಿ, ನಿನ್ನ ಭ್ರಮೆನೂ ಹೋಗ್ಲಿ ಅಂದರು ತಿಂಡಿ ತಿನ್ನುತ್ತಾ, ಭ್ರಮೆಯಂತೆ, ಭ್ರಮೆಗೆ ಇಕ್ಕಳ ಯಾಕೆ ಬೇಕು ಅಂತ ಕೇಳಬೇಕಿತ್ತು, ಇಂಥ ಮಾತೆಲ್ಲ ನನಗೆ ಹೊಳೆಯುವುದು ಬಾಯಿ ಕಟ್ಟಿದ ಮೇಲೆಯೇ.

ಇವರೇ ಮಾಡಿದ್ದು ಇದರ ರೂಟ್ ಕೆನಾಲ್, ಇದೇ ಕುರ್ಚಿ, ಆಗ ಸೊಸೆ ಇನ್ನೂ ಈ ಮನೆಗೆ ಬಂದಿರಲಿಲ್ಲ, ಮೂರು ಬೇರು, ಮೂರು ನಾಳ, ಮೂರನ್ನೂ ತೊಳೆದು ತುಂಬಿ ಮೇಲೆ ಕ್ಯಾಪ್ ಕೂರಿಸಿದ್ದೀನಿ, ಇನ್ನೆಲ್ಲಿಂದ ಬರುತ್ತೆ ನೋವು, ಅಂತ ಎಕ್ಸ್-ರೇ ಬೆಳಕಿಗೆ ಹಿಡಿದು ತೋರಿಸುವುದು, ಹೆತ್ತ ಮಗನ ಫೋಟೋವನ್ನೂ ಅಷ್ಟು ಅಭಿಮಾನದಿಂದ ತೋರಿಸಿದವರಲ್ಲ. ಕಚ್ಚಿದರೆ ನೋವು ಅಂದೆ, ಮೆತ್ತಗಿರೋದು ತಿನ್ನು ಅಂದರು, ಒತ್ತಿದರೆ ನೋವು ಅಂದೆ, ಒತ್ತಬೇಡ ಅಂದರು, ಎಂಥ ವೈದ್ಯ ನೋಡಿ, ಆಮೇಲೆ ನೆಂಟರೆದುರಿಗೆ ಅದೊಂದು ತಮಾಷೆಯೇ ಆಗಿಹೋಯಿತು, ನಮ್ಮವಳಿಗೆ ನೋಯೋದು ಹಲ್ಲಲ್ಲ, ಹಲ್ಲಿನ ನೆನಪು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ, ನೋಯದ ಕಡೆಯ ಕೆನ್ನೆಯಲ್ಲಿ. ಬರಬರುತ್ತಾ ನನಗೇ ಅನುಮಾನ, ಇಲ್ಲದ ನೋವನ್ನು ನಾನೇ ಸಾಕಿಕೊಂಡಿದ್ದೇನೋ ಏನೋ, ನಿಜ ಹೇಳಬೇಕೆಂದರೆ ಹಲ್ಲಿಗಿಂತ ಹೆಚ್ಚು ನೋಯಿಸಿದ್ದು ಅದೇ — ಈಗ ಆ ಸಣ್ಣ ಯಂತ್ರ ಕುಂಯ್‌ಗುಡುತ್ತಿದೆ, ತಲೆಬುರುಡೆಯೊಳಗೆ ಸೊಳ್ಳೆ ಸಂಸಾರ ಹೂಡಿದ ಹಾಗೆ, ಅಲುಗಾಡ್ಬೇಡಿ ಅತ್ತೆ — ಮತ್ತೆ ಇವಳು, ಇವಳು ಬಂದವಳು ಒಂದು ದಿನ ಊಟಕ್ಕೆ ಕೂತಾಗ ನನ್ನನ್ನೇ ನೋಡಿ ನೋಡಿ, ಯಾಕತ್ತೆ ಒಂದೇ ಕಡೆ ಅಗಿಯುತ್ತೀರ, ಯಾವ ಹಲ್ಲು, ಅಂದಳು, ನಿಜವಾಗ್ಲೂ ನೋಯುತ್ತಾ ಅಂತ ಕೇಳಲಿಲ್ಲ, ಯಾವ ಹಲ್ಲು ಅಂದಳು, ನಾನು ಅಲ್ಲೇ ಎಲೆಯ ಮುಂದೆಯೇ ಬಾಯಿ ತೆರೆದು ತೋರಿಸಿಬಿಟ್ಟೆ.

ಊಟ ಮುಗಿಯುತ್ತಲೇ ಇವರಿಗೆ ಹೇಳಿದಳು, ಮಾವ, ತುಂಬಾ ಜನಕ್ಕೆ ಈ ಹಲ್ಲಿನ ಮುಂದಿನ ಬೇರಲ್ಲಿ ಎರಡು ನಾಳ ಇರುತ್ತೆ, ಎರಡನೇದು ಕೂದಲಿನಷ್ಟು ಸಣ್ಣ, ಅದರ ಬಾಯಿಗೆ ಹಲ್ಲಿನದೇ ಅಂಚೊಂದು ಅಡ್ಡ ಬಂದಿರುತ್ತೆ, ಬರಿಗಣ್ಣಿಗೆ ಕಾಣಲ್ಲ, ನನ್ನ ದೊಡ್ಡದಾಗಿ ತೋರಿಸೋ ಕನ್ನಡಕ ಬೇಕು — ನಾನು ಓದಿದ ಪುಸ್ತಕದಲ್ಲಿ ಮೂರು ಅಂತಿತ್ತಮ್ಮ — ಅದು ಪುಸ್ತಕದ ಹಲ್ಲು ಮಾವ, ಇದು ಅತ್ತೆ ಹಲ್ಲು, ಆಹಾ, ಆವತ್ತೇ ಅವಳಿಗೊಂದು ಕೋಟು ಹೊಲಿದುಕೊಡಬೇಕು ಅಂದುಕೊಂಡೆ, ನನಗೆ ಇದನ್ನು ಬಿಡಿಸಿ ಹೇಳಬೇಕೇ, ಟೈಲರ್ ನಾನು, ಎರಡೂ ಭುಜ ಸಮ ಇರುವ ಮನುಷ್ಯನನ್ನು ಇವತ್ತಿನವರೆಗೂ ಕಂಡಿಲ್ಲ, ಟೇಪನ್ನು ಎಡಕ್ಕೊಂದು ಸಲ ಬಲಕ್ಕೊಂದು ಸಲ ಇಟ್ಟೇ ಕತ್ತರಿ ಹಿಡಿಯುವವಳು, ಇವರದ್ದೇ ಬಲಭುಜ ಅರ್ಧ ಬೆರಳು ಕೆಳಗಿದೆ, ಹಲ್ಲು ಕಿತ್ತು ಕಿತ್ತು ಇಳಿದ ಭುಜ, ಒಳಗೊಂದು ಪದರ ಹತ್ತಿ ಕೂರಿಸಿ ಹೊಲಿದಿದ್ದೇನೆ, ಊರಿಗೆಲ್ಲ ಡಾಕ್ಟರು ನೆಟ್ಟಗೆ ಕಾಣಿಸುತ್ತಾರೆ, ಅವರಿಗೇ ಗೊತ್ತಿಲ್ಲ, ಅಷ್ಟು ಮಾಡಿಸಿಕೊಂಡವರು ಹೆಂಡತಿಯ ಹಲ್ಲಿಗೆ ಮಾತ್ರ ರೆಡಿಮೇಡ್ ಅಳತೆ ಹಾಕಿದರಲ್ಲ.

ಸಿಕ್ತಾ? ಇಲ್ಲ ಮಾವ. ನೀರು, ಗಾಳಿ, ಮತ್ತೆ ಕೆರೆತ, ಕನ್ನಡಕದಲ್ಲಿ ಆ ಇಬ್ಬರು ಇನ್ನೂ ಬಾಯಿ ತೆರೆದುಕೊಂಡೇ ಇದ್ದಾರೆ, ನೋಡಿ ನೋಡಿ ಅವರ ಮೇಲೆ ನನಗೇ ಕನಿಕರ ಬರುತ್ತಿದೆ. ಈಗ ಸಿಕ್ತಾ? ಸೊಸೆಯ ಹಣೆಯಲ್ಲಿ ಬೆವರು, ಪಾಪದ ಹುಡುಗಿ, ನನ್ನ ಮಾತು ನಂಬಿ ಇವಳೂ ನಗೆಪಾಟಲಿಗೆ ಸಿಕ್ಕಳಲ್ಲ, ಸಾಕು ಬಿಡಮ್ಮ, ಎಷ್ಟು ಅಂತ ಕೆರೀತೀಯ, ಅನ್ನುತ್ತಾ ಇವರು ಕಿಟಕಿ ಬಿಟ್ಟು ತಟ್ಟೆಯ ಹತ್ತಿರ ಬಂದರು, ಇಕ್ಕಳ ಠಣ್ ಅಂತು, ಹೋಯಿತು, ಹಲ್ಲೂ ಹೋಯಿತು ಮಾತೂ ಹೋಯಿತು, ಇನ್ನು ಸಾಯುವವರೆಗೂ ಹಲ್ಲಿನ ನೆನಪು ಹಲ್ಲಿನ ನೆನಪು ಅಂತ — ತಡೀರಿ ಮಾವ. ಇವರ ಕೈ ಇಕ್ಕಳದ ಮೇಲೇ ನಿಂತಿತು. ತಡೀರಿ, ಏನೋ ಕಚ್ಚಿಕೊಳ್ತಿದೆ. ಬೆರಳ ತುದಿಯಲ್ಲಿ ನಾಳಕ್ಕೆ ಇಳಿಸುವ ಕೂದಲಿನಂಥ ಸೂಜಿಯನ್ನು ಆಚೆ ಈಚೆ ತಿರುಗಿಸುತ್ತಾಳೆ, ದಾರ ಪೋಣಿಸುವವಳ ಹಾಗೆ ತುಟಿ ಬಿಗಿ ಹಿಡಿದುಕೊಂಡು, ಇಳಿಯಿತು, ಇನ್ನೂ ಇಳಿಯಿತು, ಮರಗಟ್ಟಿದ್ದರ ಅಡಿಯಲ್ಲಿ ಎಲ್ಲೋ ಆಳದಲ್ಲಿ ಒಂದು ಚಳುಕು, ಅದೇ, ಅದೇ ಜಾಗ, ಇಷ್ಟು ವರ್ಷ ಬೆರಳಿಟ್ಟು ತೋರಿಸಿದ್ದು ಅದನ್ನೇ! ಎಡಗೈ ಎತ್ತಿಬಿಟ್ಟೆ. ನೋವಾಯ್ತಾ ಅತ್ತೆ? ಇಲ್ಲಮ್ಮ, ನೋವಿಗಲ್ಲ, ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಹಾಗೆ ಎತ್ತಿದ್ದು, ಇಳಿಸಲು ಮನಸ್ಸೇ ಇಲ್ಲ.

ಸೂಜಿ ಹಲ್ಲಿನಲ್ಲಿರುವಾಗಲೇ ಸೊಸೆ ಎಕ್ಸ್-ರೇ ತೆಗೆದಳು, ಪರದೆಯ ಮೇಲೆ ಚಿತ್ರ ಬಂತು, ಇವರು ತುಂಬಿದ ಮೂರು ಬಿಳಿ ಗೆರೆ, ಪಕ್ಕದಲ್ಲಿ ಸೊಸೆಯ ಸೂಜಿ, ನಾಲ್ಕನೆಯದು, ಇವರು ಅದನ್ನು ನೋಡಿದರು, ಸೂಜಿ ಹೊರತೆಗೆದ ಹಲ್ಲನ್ನು ನೋಡಿದರು, ಇಕ್ಕಳವನ್ನು ತಾವೇ ಡ್ರಾಯರಿಗೆ ಹಾಕಿ ಮುಚ್ಚಿದರು, ಆ ಕನ್ನಡಕ ಕೊಡಮ್ಮ ಅಂದರು. ಈಗ ಬನ್ನಿ, ಬನ್ನಿ ಸ್ವಾಮಿ, ನಿಮಗೆಂದೇ ಒಂದು ಭಾಷಣ ಹೊಲಿದಿಟ್ಟಿದ್ದೇನೆ, ಅಸ್ತರಿ, ಜೇಬು, ಕಾಜಾ ಎಲ್ಲ ಸಮೇತ, ಹಾಳೆ ಬಿಚ್ಚುವುದೊಂದೇ ಬಾಕಿ — ಬಗ್ಗಿದರು, ಹತ್ತಿರ, ಇನ್ನೂ ಹತ್ತಿರ, ಕೋಟು ಜಾರಿ ಬಲಭುಜದ ಇಳಿಜಾರು ಕಾಣಿಸಿತು, ತುಂಬಾ ಹೊತ್ತು ನೋಡಿದರು, ಇದೆ ಕಣೇ, ಅಂದರು, ಸೊಸೆಗಲ್ಲ, ನನಗೆ. ಆಮೇಲೆ ಮೆತ್ತಗೆ, ಇಷ್ಟು ದಿನಾನೂ ನೋಯ್ತಾನೇ ಇತ್ತಾ? ಭಾಷಣದ ಮೊದಲ ಸಾಲು ಏನಿತ್ತು, ನೆನಪಾಗುತ್ತಿಲ್ಲ, ಒಂದಕ್ಷರವೂ ಇಲ್ಲ, ಆ, ಅಂದೆ, ಹಾಳೆಯ ಹಿಂದಿನಿಂದ ಬಂದದ್ದು ಅಷ್ಟೇ, ಆ, ಇವರ ಕಣ್ಣಿನ ಮುಂದೆ ಆ ಎರಡು ಗಾಜು, ಗಾಜಿನಲ್ಲಿ ಎರಡು ನಾನು, ಗುಂಡಿಯಷ್ಟು, ಬಾಯಿ ತೆರೆದುಕೊಂಡು, ಇವರ ಕಣ್ಣಿನ ಮುಂದೆ, ಎರಡು ನಾನು