ಕೆಂಪಿ ಹೋದ ಮೇಲೆ

ಸಂಜೆ ಆರು ಗಂಟೆಯಾಗಿತ್ತು, ಆಡುಗಳು ಇನ್ನೂ ಗುಡ್ಡ ಇಳಿದಿರಲಿಲ್ಲ. ಬಿಣಗಾದಲ್ಲಿ ಹೆದ್ದಾರಿ ಅಗಲ ಮಾಡುವಾಗ ಕಡಿದ ಗುಡ್ಡದ ಮೇಲಂಚಿನಲ್ಲಿ, ಬಂಡೆಯ ಮೇಲೆ ನಿಂತು ಕೆಳಗೆ ನೋಡುತ್ತಿದ್ದವು. ದುರ್ಗಾ ಮೋರಿಯ ಕಟ್ಟೆಯ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ಆಗಲೇ ಅರ್ಧ ಗುಡ್ಡ ಹತ್ತಿ ಇಳಿದಿದ್ದಳು. ಮತ್ತೆ ಹತ್ತುವುದು ಆಗುವಂತಿರಲಿಲ್ಲ. ಗುಡ್ಡದ ಮೇಲಿನ ಕಾಡಿನಂಚಿನಿಂದಲೇ ಇತ್ತೀಚೆಗೆ ಚಿರತೆ ಒಂದು ನಾಯಿಯನ್ನು ಹೊತ್ತೊಯ್ದಿತ್ತು.

ಅಂಕೋಲೆಯ ಆಡಿನ ವ್ಯಾಪಾರಿ ರೂಪೇಶ ರಸ್ತೆಯಂಚಿಗೆ ಪಿಕಪ್ ನಿಲ್ಲಿಸಿ ಕಾಯುತ್ತಿದ್ದ. ಹೋದ ವಾರ ಮುದಿ ಆಡು ಕೆಂಪಿಯನ್ನು ಒಯ್ದವನು ಅವನೇ. ಇವತ್ತು ಚುಕ್ಕಿಯ ಸರದಿ. ಚುಕ್ಕಿಗೆ ಎರಡು ಸಲ ಗರ್ಭಪಾತವಾಗಿತ್ತು. ಅದನ್ನು ಸಾಕುವುದು ದಂಡವೆಂದು ದುರ್ಗಾಳ ಗಂಡ ದೇವಾನಂದ ತೀರ್ಮಾನಿಸಿದ್ದ.

"ದುರ್ಗಕ್ಕಾ, ನಿಮ್ ಆಡು ಇಳಿಯೂದ್ರೊಳಗೆ ನನ್ ಗಾಡಿಗೆ ತುಕ್ಕು ಹಿಡೀತದೆ."

"ಹಂಗಾರೆ ನೀನೇ ಹತ್ತು ಮಾರಾಯಾ. ಹೊಟ್ಟೆನಾದ್ರೂ ಕರಗ್ತದೆ."

ಕೆಂಪಿ ಇದ್ದಾಗ ಈ ಗೋಳಿರಲಿಲ್ಲ. ಬಿಸಿಲು ಬಾಗುತ್ತಲೇ ಅದು ಬಂಡೆಯ ಸಂದಿನಲ್ಲಿ ಇಳಿಯುತ್ತಿತ್ತು. ಉಳಿದವು ಅದು ಕಾಲಿಟ್ಟಲ್ಲೇ ಕಾಲಿಟ್ಟು ಬರುತ್ತಿದ್ದವು. ಅದನ್ನು ಮಾರಿದ ದಿನ ದೇವಾನಂದ ಅದರ ಕೊರಳ ಗಂಟೆ ಬಿಚ್ಚಿ ಹಿಂಡಿನ ಒಂದೇ ಹೋತಕ್ಕೆ ಕಟ್ಟಿದ್ದ. ಹಿಂಡು ಗಂಟೆಯ ಹಿಂದೆ ಬರುತ್ತದೆ ಎಂದು ಅವನ ನಂಬಿಕೆ. ಇರಬಹುದು ಎಂದು ದುರ್ಗಾಳೂ ಅಂದುಕೊಂಡಿದ್ದಳು. ಅಂದಿನಿಂದ ದಿನವೂ ಹೋತ ಗಂಟೆ ಬಾರಿಸಿಕೊಂಡು ಒಂದೇ ಇಳಿಯುತ್ತಿತ್ತು. ಉಳಿದವನ್ನು ಅವಳು ಬೈದು, ಕೋಲು ಬೀಸಿ ಇಳಿಸಬೇಕಾಗುತ್ತಿತ್ತು. ಈಗಲೂ ಹೋತ ಪಿಕಪ್ಪಿನಲ್ಲಿದ್ದ ಹಲಸಿನ ಸೊಪ್ಪಿಗೆ ಕತ್ತು ಚಾಚಿ ನಿಂತಿತ್ತು.

ದೇವಾನಂದ ಪಾಳಿ ಮುಗಿಸಿ ಬಂದು ಬೈಕು ನಿಲ್ಲಿಸಿದ. "ಇನ್ನೂ ಇಳೀಲಿಲ್ವಾ? ಎಂತ ಕಾಯ್ತೆ ನೀನು?"

"ಕೆಂಪಿ ಮಾರಿದ್ರಲ್ಲ, ಅದ್ಕೆ."

"ಹಾಲಿಲ್ಲ, ಮರಿ ಇಲ್ಲ. ಕೂಡ್ಸಿ ತಿನ್ಸೂಕೆ ಅದೇನು ನಮ್ ಅತ್ತೆಯಾ?"

"ಹಂಗಂದ್ರೆ ನನ್ನೂ ಗಾಡಿ ಹತ್ಸಿ."

ರೂಪೇಶ ನಕ್ಕ. ದೇವಾನಂದ ನಗಲಿಲ್ಲ.

ಮೇಲೆ ಕೊಂಬು ಬಡಿದ ಸದ್ದಾಯಿತು. ಚುಕ್ಕಿ ಮತ್ತು ಇನ್ನೊಂದು ಹೆಣ್ಣಾಡು ಕರಿ ಹಿಂಗಾಲ ಮೇಲೆ ಎದ್ದು ತಲೆಗೆ ತಲೆ ಹೊಡೆದವು. ವಾರದಿಂದ ದೊಡ್ಡಿಯಲ್ಲೂ ಇದೇ ಜಗಳ. ಪ್ರತಿ ಸಲ ದುರ್ಗಾ ನಡುವೆ ಹೋಗಿ ಬಿಡಿಸುತ್ತಿದ್ದಳು. ಇವತ್ತು ಕೂತಲ್ಲಿಂದ ಏಳಲಿಲ್ಲ. ಸಣ್ಣ ಕಲ್ಲುಗಳು ಚರಂಡಿಗೆ ಉರುಳಿದವು. ಮತ್ತೊಮ್ಮೆ ಹೊಡೆದವು, ಮತ್ತೂ ಒಮ್ಮೆ. ಕೊನೆಗೆ ಕರಿ ಮುಖ ತಿರುಗಿಸಿ, ಏನೂ ಆಗಿಲ್ಲವೆಂಬಂತೆ ಒಣಹುಲ್ಲಿಗೆ ಬಾಯಿ ಹಾಕಿತು.

ಚುಕ್ಕಿ ಬಂಡೆಯ ಸಂದನ್ನು ಮೂಸಿತು. ಒಂದು ಕಾಲಿಟ್ಟು ನಿಂತಿತು. ಆಮೇಲೆ ಇಳಿಯತೊಡಗಿತು. ಅದರ ಹಿಂದೆ ಕರಿ, ಕರಿಯ ಹಿಂದೆ ಮರಿಗಳು, ಉಳಿದವೆಲ್ಲ.

"ಅಬ್ಬಾ, ಬಂದ್ವು," ಎಂದು ದೇವಾನಂದ ಹಗ್ಗ ಹಿಡಿದು ಚುಕ್ಕಿಯತ್ತ ಹೋದ.

"ಅದ್ನ ಮುಟ್ಬೇಡಿ," ಎಂದಳು ದುರ್ಗಾ. ಕಟ್ಟೆ ಹಿಡಿದು ಎದ್ದಳು. "ಹೋತ ಕೊಡಿ."

"ತಲೆ ಸರಿ ಅದ್ಯಾ? ಹೋತ ಕೊಟ್ರೆ ಮರಿ ಹೆಂಗೆ?"

"ಮರಿ ಆಮೇಲೆ ನೋಡುವಾ. ಇದ್ನ ಕೊಟ್ರೆ ನಾಳೆ ಗುಡ್ಡ ಹತ್ತೂಕೆ ನೀವು ಬತ್ರಾ?"

ದೇವಾನಂದ ರೂಪೇಶನ ಮುಖ ನೋಡಿದ.

"ನಂಗೆ ಹೋತ ಆದ್ರೆ ಮತ್ತೂ ಚಲೋ," ಎಂದ ರೂಪೇಶ.

ಹೋತ ತಾನಾಗಿಯೇ ಸೊಪ್ಪಿನ ಆಸೆಗೆ ಪಿಕಪ್ ಹತ್ತಿತು. ಗಾಡಿ ಅಂಕೋಲೆಯ ಕಡೆ ಹೊರಟಿತು.

ಮಳೆಗಾಲ ಮುಗಿದ ಮೇಲೆ ಕರಿ ಬೆದೆಗೆ ಬಂತು. ದುರ್ಗಾ ಅದನ್ನು ಆಟೋದಲ್ಲಿ ಕಾಲ ಬಳಿ ನಿಲ್ಲಿಸಿಕೊಂಡು, ಕಾಳಿ ಸೇತುವೆ ದಾಟಿ, ಬೇರೊಂದು ಹೋತ ಸಾಕಿದ್ದ ಚಿತ್ತಾಕುಲದ ಮನೆಗೆ ಒಯ್ದಳು.