ಗೇಜಿಗೆ ಯಾರು ಸಾಕ್ಷಿ?

ನಮ್ಮ ಕೆಜಿಎಫ್ ಕಾರ್ಖಾನೆಯ ಲೇತ್ ಕೆಲಸಗಾರ ರಾಮಚಂದ್ರಪ್ಪ ಕಾಮಸಮುದ್ರದಿಂದ ಬಸ್ಸಿನಲ್ಲಿ ಬರುತ್ತಾನೆ. ಯಾವುದನ್ನೂ ಸುಮ್ಮನೆ ನಂಬುವವನಲ್ಲ. ಊಟದ ಹೊತ್ತಿನಲ್ಲಿ ಮುದ್ದೆ ಮುರಿಯುತ್ತ ನನ್ನನ್ನು ಕೇಳಿದ:

“ನಿಮ್ಮ ಬೈಬಲ್ ಸತ್ಯ ಅಂತ ಯಾರ್ಲಾ ಏಳಿದ್ದು, ಅರುಳ್‌ದಾಸು?”

“ದೇವ್ರ ಮಾತಣ್ಣ ಅದು.”

“ಅಂಗಂತ ಯಾರು ಏಳಿದ್ದು?”

“ಬೈಬಲ್ಲೇ.”

ಬಂಗಾರಪೇಟೆಯಿಂದ ಟ್ರೈನಿನಲ್ಲಿ ಬರುವ ಕೆಲಸಗಾರರೆಲ್ಲ ನಕ್ಕರು. ಅವರಲ್ಲೊಬ್ಬನೆಂದ: “ಕಳ್ಳನ್ನೇ ಕರ್ದು, ನೀನು ಒಳ್ಳೇವ್ನಾ ಅಂತ ಕೇಳ್ದಂಗಾಯ್ತು!”

ಚಾಂಪಿಯನ್ ರೀಫ್ಸಿನ ನಮ್ಮ ಪಾಸ್ಟರನ್ನು ಹಿಂದೊಮ್ಮೆ ಕೇಳಿದಾಗ ಅವರೂ ‘ಬೈಬಲ್ಲೇ’ ಎಂದಿದ್ದರು, ಮೈಕಿನಲ್ಲಿ.

ರಾಮಚಂದ್ರಪ್ಪ ಮೂರು ವೀಳ್ಯದೆಲೆಯಲ್ಲಿ ಜೀರಿಗೆ ಸುತ್ತಿ ಅಗಿಯತೊಡಗಿದ. ಅವನ ಸಕ್ಕರೆ ಕಾಯಿಲೆ ಇದರಿಂದ ಹತ್ತು ದಿನದಲ್ಲಿ ಮಾಯವಂತೆ.

“ಯಾರು ಹೇಳಿದ್ದಣ್ಣ?”

“ಫೋನ್ನಾಗೆ ಬಂದದೆ ಕಣ್ಲಾ!”

ಮಧ್ಯಾಹ್ನ ಅವನು ತೂತು ಕೊರೆದ ನಲವತ್ತು ಲೋಹದ ಬುಷ್‌ಗಳು ನನ್ನ ತಪಾಸಣೆ ಮೇಜಿಗೆ ಬಂದವು. ಅಳತೆ ನೋಡುವ ಗೇಜಿನ ದಪ್ಪ ತುದಿ ತೂತಿನೊಳಗೆ ಹೋಗಬಾರದು, ಸಲೀಸಾಗಿ ಹೋಯಿತು. ಎಲ್ಲವೂ ರಿಜೆಕ್ಟ್. ಬೆಳಿಗ್ಗೆಯ ನಲವತ್ತಕ್ಕೆ ಗೇಜು ಹಾಕದೆ, ಅವನ ಮಾತು ನಂಬಿ ಸಹಿ ಮಾಡಿದ್ದೆ. ಓಡಿಹೋಗಿ ನೋಡಿದೆ; ಅವೂ ಹಾಗೇ. ಆ ವಾರ ನನ್ನ ಕೆಲಸ ಪರ್ಮನೆಂಟ್ ಆಗಬೇಕಿತ್ತು.

ರಾಮಚಂದ್ರಪ್ಪ ಪಕ್ಕಕ್ಕೆ ಬಂದ. “ಗೇಜು ಸವೆದದೆ ಅಂತ ಬರ್ದುಬುಡು, ಇಬ್ರೂ ಉಳ್ಕೊಂತೀವಿ. ಅಷ್ಟಕ್ಕೂ ಗೇಜು ಸರಿ ಅಂತ ಏಳಿದ್ದ್ಯಾರು?”

ನಾನೇ ಮಾಡಿಕೊಂಡ ಗೇಜಾಗಿದ್ದರೆ ಇವತ್ತು ನನ್ನನ್ನು ಬಿಟ್ಟುಬಿಡುತ್ತಿತ್ತು. ಬೈಬಲ್ಲೂ ನಮ್ಮವರು ತಮಗಾಗಿ ಕಟ್ಟಿಕೊಂಡ ಪುಸ್ತಕವಾಗಿದ್ದರೆ, ಹೆದರಿ ಗುರುವನ್ನೇ ಗೊತ್ತಿಲ್ಲವೆಂದ ಹಿರಿಯ ಶಿಷ್ಯನ ಕಥೆಯನ್ನು ಅದರಲ್ಲಿ ಬರೆಯದೆ ಅವನ ಮಾನವನ್ನಾದರೂ ಉಳಿಸುತ್ತಿದ್ದರು. ಇದು ಪುರಾವೆಯೋ ಅಲ್ಲವೋ, ನನಗೆ ತಿಳಿಯದು. ಪೆನ್ನು ತೆಗೆದೆ.

ಎಂಬತ್ತೂ ರಿಜೆಕ್ಟ್, ಬೆಳಿಗ್ಗೆಯ ತಪ್ಪು ನನ್ನದು ಎಂದು ಬರೆದೆ. ಸೂಪರ್‌ವೈಸರ್ ವೇಣುಗೋಪಾಲ್ ಸರ್ ಅದನ್ನು ಎರಡು ಸಲ ಓದಿ, ಪರ್ಮನೆಂಟ್ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದರು.

“ಪುಸ್ತಕ ನಂಬಿ ಕೆಟ್ಟೆ ಕಣ್ಲಾ,” ಎಂದ ರಾಮಚಂದ್ರಪ್ಪ.

“ಅದು ನನ್ನ ಪರವಾಗಿ ಸುಳ್ಳು ಹೇಳಲ್ಲಣ್ಣ. ಅದಕ್ಕೇ ನಂಬೋದು.”

ಅವನು ಕೇಳಿಸಿಕೊಳ್ಳಲಿಲ್ಲ. ಫೋನಿನಲ್ಲಿ ಹೊಸ ಮೆಸೇಜು ಬಂದಿತ್ತು: ಎಲೆ ತಿನ್ನುವವರು ಸಕ್ಕರೆ ಪರೀಕ್ಷೆ ಮಾಡಿಸಬಾರದಂತೆ, ಮೆಷಿನ್ನೇ ತಪ್ಪು ತೋರಿಸುತ್ತದಂತೆ.