ಯಾರ ಎಡ, ಯಾರ ಬಲ?

ಪ್ರಮಿಳಾ ಟೀಚರ್ ಎಲ್ಲಿ ನಿಂತರೂ ಅಂಗೈಗಳನ್ನು ಮುಂದಕ್ಕೆ ತಿರುಗಿಸಿಕೊಂಡೇ ನಿಲ್ಲುತ್ತಾರೆ. ಪಾದಗಳು ಜೊತೆಯಾಗಿ, ಬೆನ್ನು ನೆಟ್ಟಗೆ, ದೃಷ್ಟಿ ನೇರ, ಇಳಿಬಿಟ್ಟ ತೋಳುಗಳ ತುದಿಯಲ್ಲಿ ಹೆಬ್ಬೆರಳುಗಳು ಹೊರಮುಖ. ಅಂಗರಚನಾಶಾಸ್ತ್ರದ ಪುಸ್ತಕದ ಮೊದಲ ಚಿತ್ರದಲ್ಲಿ ಮನುಷ್ಯ ನಿಲ್ಲುವುದು ಹೀಗೆಯೇ. ಆ ಚಿತ್ರಕ್ಕೊಂದು ಇಳಕಲ್ ಸೀರೆ ಉಡಿಸಿ, ಮೇಲೆ ಬಿಳಿಯ ಕೋಟು ತೊಡಿಸಿದರೆ ನಮ್ಮ ಟೀಚರ್ ಆದರು. ಒಮ್ಮೆ ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಹೀಗೆ ನಿಂತಿದ್ದಾಗ, ಗುಡಿಗೆ ಹೋಗಿಬಂದ ಮುದುಕಿಯೊಬ್ಬಳು, ಪಾಪ, ಈಕೆ ಬಾಯಿಬಿಟ್ಟು ಕೇಳಲಾರದೆ ಕೈಯೊಡ್ಡಿದ್ದಾಳೆಂದು ತಿಳಿದು, ಅಂಗೈಯಲ್ಲಿ ಬಾಳೆಹಣ್ಣು ತುರುಕಿ ಹೋದಳು. ಟೀಚರ್ ಹಣ್ಣು ತಿಂದರು, ನಿಲುವು ಬದಲಿಸಲಿಲ್ಲ.

ಬೆಳಗಾವಿಯ ಟಿಳಕವಾಡಿಯಲ್ಲಿರುವ ಒಂದು ನರ್ಸಿಂಗ್ ಶಾಲೆಯಲ್ಲಿ ಅವರು ದೇಹದ ರಚನೆಯನ್ನೂ ಅದರ ಕ್ರಿಯೆಗಳನ್ನೂ ಕಲಿಸುತ್ತಾರೆ. ಜೀವಕೋಶದಿಂದ ಅಂಗಾಂಶಕ್ಕೆ, ಅಂಗಾಂಶದಿಂದ ಅಂಗಕ್ಕೆ, ಅಂಗದಿಂದ ಇಡೀ ದೇಹಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವ ಈ ವಿದ್ಯೆಯ ಹೊಸ್ತಿಲಲ್ಲೇ ಅವರೊಂದು ಕಾವಲು ಕೂರಿಸಿದ್ದಾರೆ. ಗೋಡೆಯ ಚಿತ್ರದ ಮುಂದೆ ಹೊಸ ಹುಡುಗಿಯನ್ನು ನಿಲ್ಲಿಸಿ, ಯಕೃತ್ತು ಯಾವ ಕಡೆ ಎಂದು ಕೇಳುತ್ತಾರೆ. ಹುಡುಗಿ ಕಣ್ಣಿಗೆ ಕಂಡಂತೆ ಹೇಳುತ್ತಾಳೆ: “ಎಡಕ್ಕ ಐತ್ರೀ.”

“ಯಾರ ಎಡ?”

ಹುಡುಗಿ ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತಾಳೆ.

“ನಿನ್ನ ಎಡ ನಿನ್ನ ಮನ್ಯಾಗ ಇಟಗೊ, ಯವ್ವಾ. ಚಿತ್ರದಾಗ ನಿಂತಾಂವಗೂ ಒಂದು ಎಡ-ಬಲ ಐತಿ. ನಾವು ಹೇಳೂದು ಅವಂದು, ನೋಡವ್ರದಲ್ಲ.”

ಶಾಸ್ತ್ರದ ಮಟ್ಟಿಗೆ ಇದು ಅಪ್ಪಟ ಸತ್ಯ. ತೊಂದರೆಯೆಂದರೆ, ಟೀಚರ್ ಈ ಸತ್ಯವನ್ನು ತರಗತಿಯಲ್ಲಿ ಬಿಟ್ಟು ಮನೆಗೆ ಹೋದವರಲ್ಲ. ಅಂಗಡಿ, ಗುಡಿ, ಬ್ಯಾಂಕು, ಹೀಗೆ ಎದುರಿಗೆ ಮುಖ ಮಾಡಿ ನಿಂತದ್ದಕ್ಕೆಲ್ಲ ಅವರ ಲೋಕದಲ್ಲಿ ಅದರದೇ ಬಲಗೈ ಇರುತ್ತದೆ. ಅವರನ್ನು ದಿನವೂ ಒಯ್ಯುವ ಆಟೋದ ಮುನಾಫ ಈಗ ಪಳಗಿದ್ದಾನೆ. “ಗುಡಿ ಬಲಕ್ಕ ನಿಂದ್ರಸು” ಎಂದರೆ, “ನಿಮ್ಮ ಗುಡೀನ ಕೇಳಿ ನಿಂದ್ರಸ್ತೀನ್ರೀ ಟೀಚರ್” ಎನ್ನುತ್ತ ಸುಮ್ಮನೆ ಎಡಕ್ಕೆ ಒಯ್ದು ನಿಲ್ಲಿಸುತ್ತಾನೆ. ಊಟಕ್ಕೆ ಕುಳಿತರೂ ಬಿಡುಗಡೆಯಿಲ್ಲ: ಅಂಗಾತ ಮಲಗಿದ ಬಾಳೆಯೆಲೆಗೆ ತಲೆ ಯಾವುದು, ತುದಿಯೋ ಬುಡವೋ, ಉಪ್ಪಿನಕಾಯಿ ಬೀಳಬೇಕಾದ್ದು ಎಲೆಯ ಯಾವ ಮಗ್ಗುಲಿಗೆ ಎಂದು ಅವರು ಚಿಂತಿಸುತ್ತಿರುವಾಗಲೇ ಬಡಿಸುವವರು ಪಾಯಸದವರೆಗೆ ಹೋಗಿರುತ್ತಾರೆ.

ಇದರ ನಿಜವಾದ ಪೆಟ್ಟು ತಿಂದವನು ಅವರ ಅಣ್ಣ ಭರಮಣ್ಣ. ಖಾನಾಪುರದ ಕಡೆ ಎಮ್ಮೆ ಕಟ್ಟಿಕೊಂಡಿರುವ ಈತ, ತಂಗಿ ಹೊಸ ಮನೆಗೆ ಬಂದಾಗ ಗಡಿಗೆ ತುಂಬ ತುಪ್ಪ ಹೊತ್ತು ಬಂದ. ಅವಳು ಫೋನಿನಲ್ಲಿ ಹೇಳಿದ ಗುರುತು: ಸಾಲಿ ಬಲಕ್ಕಿರುವ ಹಳದಿ ಮನೆ. ದೇವರ ದಯದಿಂದ ಶಾಲೆಯ ಎರಡೂ ಮಗ್ಗುಲಿಗೆ ಹಳದಿ ಮನೆಗಳಿದ್ದವು. ಅಣ್ಣ ತನ್ನ ಬಲಕ್ಕೆ ತಿರುಗಿದ. ಆ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯ ನಡೆದಿತ್ತು. ಬರ್ರಿ, ಕುಂದರ್ರಿ ಎಂದರು. ತಂಗಿ ಒಳಗೆ ಗಡಿಬಿಡಿಯಲ್ಲಿರಬೇಕೆಂದುಕೊಂಡು ತುಪ್ಪ ಒಪ್ಪಿಸಿ, ಹೊಟ್ಟೆ ತುಂಬ ಉಂಡು, ಕೂಸಿನ ಕೈಗೆ ಉಡುಗೊರೆಯನ್ನೂ ಇಟ್ಟ. ಸಂಜೆ ನಿಜಸ್ಥಿತಿ ತಿಳಿದಾಗ ಟೀಚರ್ ಹೇಳಿದ್ದಿಷ್ಟೇ:

“ನಾ ಸಾಲಿ ಬಲ ಹೇಳಿದ್ದೆ. ನೀ ನಿನ್ನ ಬಲ ತಗೊಂಡಿ. ತಪ್ಪು ಯಾರದು?”

“ತಪ್ಪು ಯಾರದರ ಆಗಲಿ, ತುಪ್ಪ ನಂದಿತ್ತಲ್ಲವಾ!”

ಇಂಥ ಭರಮಣ್ಣನ ಮೊಣಕಾಲುಗಳು ಈ ವರ್ಷ ಕೈಕೊಟ್ಟವು. ಎರಡೂ ಊದಿದ್ದವು; ಎಡದ್ದು ಪೂರಾ ಸವೆದಿತ್ತು. ಅದಕ್ಕೇ ಮೊದಲು ಶಸ್ತ್ರಕ್ರಿಯೆ ಎಂದು ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ನಿಶ್ಚಯವಾಯಿತು. ಆ ಬೆಳಿಗ್ಗೆ ಕಾಲಿನ ಮೇಲೆ ಗುರುತು ಹಾಕಲು ಪೆನ್ನು ಹಿಡಿದು ಬಂದ ನರ್ಸು ಸೃಷ್ಟಿ, ಟೀಚರ್ ಕೈಯಲ್ಲೇ ಕಲಿತವಳು. ರೋಗಿಯ ಬಾಯಿಂದಲೇ ಹೇಳಿಸಬೇಕೆಂಬುದು ಅಲ್ಲಿನ ನಿಯಮ. “ಯಾವ ಮೊಣಕಾಲ್ರೀ, ಕಾಕಾ?”

ಅಣ್ಣ ಬಾಯಿ ತೆರೆಯುವುದರೊಳಗೆ ತಂಗಿ ಉತ್ತರಿಸಿದರು. ಅದೂ ಅವರ ಹಳೆಯ ಚಾಳಿ. ಮಂಚದ ಕಾಲಬಳಿ, ಅಣ್ಣನಿಗೆ ಎದುರಾಗಿ ನಿಂತಿದ್ದರು. ಹಳ್ಳ ತುಂಬಿ ಹರಿದಾಗ ತಮ್ಮನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ದಾಟಿಸುತ್ತಿದ್ದ ಕಾಲುಗಳು ಅವು. ಟೀಚರ್ ಅಂಗೈಗಳು ಅಂದು ಮುಂದಕ್ಕೆ ತಿರುಗಿರಲಿಲ್ಲ. ಸೆರಗಿನ ತುದಿಯನ್ನು ಹಿಂಡುತ್ತಿದ್ದವು. ತಮ್ಮ ಬಲಕ್ಕೆ ಕಂಡ ಕಾಲನ್ನು ಗದ್ದದಿಂದ ತೋರಿಸಿ ಅಂದರು: “ಬಲಗಾಲು.”

ಸೃಷ್ಟಿ ಗಾಬರಿಯಾಗಿ ಟೀಚರ್ ಮುಖ ನೋಡಿದಳು. ಗುರುವನ್ನು ತಿದ್ದುವ ಬದಲು ಕೈಯಲ್ಲಿದ್ದ ಕಾಗದವನ್ನು ಮತ್ತೊಮ್ಮೆ ಓದಿದಳು; ಅದರಲ್ಲಿ ಎಡ ಎಂದೇ ಇತ್ತು. ದಿಂಬಿನ ಮೇಲಿಂದ ಭರಮಣ್ಣ ನಿಧಾನವಾಗಿ ಕತ್ತೆತ್ತಿದ.

“ಯಾರ ಬಲ, ಪ್ರಮೀ?”

ಟೀಚರ್ ಮಂಚ ಸುತ್ತಿ ಬಂದು, ಅಣ್ಣನ ಎಡ ಮೊಣಕಾಲಿನ ಮೇಲೆ ಅಂಗೈಯೂರಿ, “ನಿಂದು ಅಣ್ಣಾ, ನಿನ್ನ ಎಡ” ಎಂದರು. ಕಣ್ಣೊರೆಸಿಕೊಳ್ಳುತ್ತಲೇ ನಗು ಬಂತು. ಸೃಷ್ಟಿ ಗುರುತು ಹಾಕಿದಳು.

“ಹಂಗಾದ್ರ ಇನ್ನರ ಒಪ್ಪಿಕೊ,” ಎಂದ ಭರಮಣ್ಣ, “ತುಪ್ಪ ಹೋಗಿದ್ದರ ತಪ್ಪು ನಂದಲ್ಲ.”

“ಅದು ಬ್ಯಾರೆ. ಸಾಲಿ ಸಾಲೀನ.”

ಈಗ ಅಣ್ಣ ಕೋಲೂರಿ ಎಮ್ಮೆಗಳ ಹಿಂದೆ ಓಡಾಡುತ್ತಾನೆ. ಟೀಚರ್ ಮತ್ತೆ ಅಂಗೈ ತಿರುಗಿಸಿ ನಿಲ್ಲುತ್ತಾರೆ. ಕಲಿಸುವವರಲ್ಲಿ ಇಂಥದೊಂದು ಬಗೆಯುಂಟು. ಮನೆಯವರು, ಆಟೋದವರು, ಬಡಿಸುವವರು ಎಲ್ಲರೂ ರೋಸಿಹೋಗುವಷ್ಟು ಒಂದೇ ಮಾತನ್ನು ತಿರುತಿರುಗಿ ಅನ್ನುತ್ತಾರೆ. ಅವರಿಂದ ದಾರಿ ಕೇಳಿ ಊರು ಸೇರಿದವರು ಕಡಿಮೆ. ಆದರೆ ಪ್ರೀತಿಯೋ ಭಯವೋ ಅವರ ತಲೆ ತಿರುಗಿಸಿ ಆ ಮಾತನ್ನು ಅವರೇ ಮರೆತ ದಿನ, ಅವರ ಕಾಟವನ್ನು ಎಲ್ಲರಿಗಿಂತ ಹೆಚ್ಚು ಉಂಡವರು ಯಾರೋ, ಅವರ ಬಾಯಲ್ಲಿ ಅದು ಒಂದಕ್ಷರವೂ ಕೆಡದೆ ಕುಳಿತಿರುತ್ತದೆ.